ಸಮುದ್ರವನ್ನು ಮಟ್ಟ ಹಾಕಿದವರು

ಸೆಪ್ಟೆಂಬರ್ 2, ಬೆಳಿಗ್ಗೆ

ಮತ್ತೆ ಬಾತ್‌ರೂಮ್ ಕ್ಯೂ. ಹಲ್ಲುಜ್ಜುತ್ತಲೇ ನೆದರ್ಲ್ಯಾಂಡ್ಸ್ ಓದಿದೆ. ಸೆಮಿನಾರಿಗೆ ಚೀಟಿ ಎತ್ತಿದಾಗ ಬಂದ ದೇಶ. ಪಕ್ಕದ ಬೆಂಚಿನವಳಿಗೆ ಫ್ರಾನ್ಸ್ — ಟವರ್ ತೋರಿಸಿ ಕೂತುಬಿಡಬಹುದು. ನನಗೆ ಬರೀ ನೀರು. ದೇಶದ ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೆ. ನನ್ನ ಮಾರ್ಕ್ಸ್ ಇದ್ದ ಹಾಗೆ.

ಕನ್ನಡದಲ್ಲೇ ಮಾತಾಡಬೇಕು. ಕಳೆದ ಸಲ ಎದ್ದು ನಿಂತ ನಾನು ಬಾಯಿ ತೆರೆಯಲೇ ಇಲ್ಲ. ಈ ಸಲವೂ ಹಾಗಾದರೆ ಇಂಗ್ಲಿಷ್ ಸೆಕ್ಷನ್‌ಗೆ ಹಾಕುತ್ತೇನೆ, ನಿನಗೂ ಸುಲಭ ಎಂದಿದ್ದಾರೆ ಜಾಗ್ರಫಿ ಮೇಡಂ. ಬೈಯಲಿಲ್ಲ. ಪ್ರೀತಿಯಿಂದ ಹೇಳಿದರು. ಅದೇ ಕಷ್ಟ.

ಸೆಪ್ಟೆಂಬರ್ 3

ಅಪ್ಪನ ಫೋನ್. “ಹೌ ಆರ್ ಯೂ? ಫುಡ್ ಗುಡ್?” ಗುಡ್ ಅಂದೆ. ಮುಗಿಯಿತು.

ಮೂರನೇ ಕ್ಲಾಸಿಗೇ ನನ್ನನ್ನು ಇಂಗ್ಲಿಷ್ ಬೋರ್ಡಿಂಗ್‌ಗೆ ಹಾಕಿದರು. ರಜೆಗೆ ಹೋದಾಗ ನೋಡಿದ್ದೇನೆ... ಗಿರಾಕಿಗಳ ಹತ್ತಿರ ಅಪ್ಪ ಗಂಟೆಗಟ್ಟಲೆ ಹರಟುತ್ತಾರೆ. ನನ್ನ ಕಡೆ ತಿರುಗಿದ ಕೂಡಲೇ ಮೂರು ಪದದ ಇಂಗ್ಲಿಷ್. ನೆಂಟರನ್ನು ಮಾತಾಡಿಸಿದ ಹಾಗೆ. ಈ ಕನ್ನಡ ಸೆಕ್ಷನ್ ತೆಗೆದುಕೊಂಡದ್ದು ಅದಕ್ಕೇ. ಯಾರಿಗೂ ಹೇಳಿಲ್ಲ. ಇಲ್ಲಿಂದಲೂ ಹೊರಬಿದ್ದರೆ ಮನೆಯಲ್ಲಿ ನಾನು ಜನ್ಮಪೂರ್ತಿ ನೆಂಟರ ಲೆಕ್ಕವೇ.

ಅಪ್ಪನದು ಕನ್ನಡಕದ ಅಂಗಡಿ. ಕನ್ನಡಕದವರ ಮಗಳಿಗೆ ಕನ್ನಡವೇ ಮಂಜು ಮಂಜು ಅಂತ ರೂಮ್‌ಮೇಟ್ ಜೋಕ್. ನಕ್ಕೆ. ಏನು ಮಾಡಲಿ.

ಸೆಪ್ಟೆಂಬರ್ 5, ಸಂಜೆ

ರೂಮ್‌ಮೇಟ್ ಮುಂದೆ ಪ್ರಾಕ್ಟೀಸ್. ನೆದರ್ಲ್ಯಾಂಡ್ಸ್ ಎಂದರೆ ಕೀಳು ನಾಡು ಎಂದು ಶುರು ಮಾಡಿದೆ. ಅವಳು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, “ಕೀಳು ಅಂದ್ರೆ ಆ ದೇಶದವ್ರು ಬಂದು ಬಾರಿಸ್ತಾರೆ. ತಗ್ಗು ಅನ್ನು, ತಗ್ಗು,” ಅಂದಳು. ತಿದ್ದಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮುಂದಿನದನ್ನು ಅವಳು ಕೇಳಲಿಲ್ಲ.

ಇಷ್ಟು ದಿನ ಗಾಳಿಯಂತ್ರ ಎಂದರೆ ಕ್ಯಾಲೆಂಡರ್ ಚಿತ್ರಕ್ಕೆ ಇರುವುದು ಅಂದುಕೊಂಡಿದ್ದೆ. ಅಲ್ಲ. ಸುತ್ತ ಏರಿ ಕಟ್ಟಿ, ಒಳಗಿನ ನೀರನ್ನು ಅದರಿಂದ ಎತ್ತಿ ಹೊರಗೆ ಚೆಲ್ಲಿ, ತಳವನ್ನೇ ಹೊಲ ಮಾಡಿದರು. ಟ್ಯೂಲಿಪ್ ಕೂಡ ಹೊರಗಿನಿಂದ ಬಂದ ಹೂವಂತೆ. ಈಗ ಎಲ್ಲರೂ ಅವರದೇ ಅನ್ನುತ್ತಾರೆ. ಓದಿ ಯಾಕೋ ಸಮಾಧಾನವಾಯಿತು.

1953ರಲ್ಲಿ ಏರಿ ಒಡೆದು ಸಮುದ್ರ ನುಗ್ಗಿತ್ತು. ಅದನ್ನು ಬಿಟ್ಟೆ. ಟಾಪಿಕ್ ಇರುವುದು ಆ ದೇಶದ ಸಾಧನೆ.

ಸೆಪ್ಟೆಂಬರ್ 9, ಮಧ್ಯಾಹ್ನ

ಆಯಿತು. ಸೆಮಿನಾರ್ ಮುಗಿಯಿತು.

ತಗ್ಗು ನಾಡು ದಾಟಿದೆ. ಗಾಳಿಯಂತ್ರ ದಾಟಿದೆ. ಆಮೇಲೆ ಆಮ್‌ಸ್ಟರ್‌ಡ್ಯಾಮ್. ಅಲ್ಲಿಯವರು ಮುನ್ನೂರು ವರ್ಷಗಳ ಹಿಂದೆಯೇ ನೀರಿನ ಎತ್ತರ ಅಳೆದು ಗುರುತು ಇಟ್ಟರು. ನೆಲದ ಎತ್ತರ ಹೇಳಲು ಯೂರೋಪಿನ ಎಷ್ಟೋ ದೇಶಗಳು ಇವತ್ತಿಗೂ ಆ ಲೆಕ್ಕವನ್ನೇ ಹಿಡಿಯುತ್ತವೆ. ಇದನ್ನು ಹೇಳಲು ಹೋಗಿ, “ಇವರು ಸಮುದ್ರವನ್ನು ಮಟ್ಟ ಹಾಕಿದರು” ಅಂದೆ. ಲೆಕ್ಕ ಹಾಕುತ್ತಾರೆ, ಅಂದಾಜು ಹಾಕುತ್ತಾರೆ — ಮಟ್ಟವನ್ನೂ ಹಾಕುತ್ತಾರೆ ಅಂದುಕೊಂಡಿದ್ದೆ.

ಹಿಂದಿನ ಬೆಂಚಿನಿಂದ ಒಬ್ಬ: “ಯಾಕೆ, ಅದೇನು ರೌಡಿನಾ?”

ಇಡೀ ಕ್ಲಾಸ್ ನಗು. ಎಲ್ಲಿ ತಪ್ಪಿದೆ ಎಂದೇ ತಿಳಿಯಲಿಲ್ಲ. ಮುಂದಿನ ವಾಕ್ಯ ಹಾರಿಹೋಯಿತು. ಕಳೆದ ಸಲದ ಹಾಗೇ. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಇಂಗ್ಲಿಷ್ ಸೆಕ್ಷನ್, ಫುಡ್ ಗುಡ್... ಎಲ್ಲ ಒಟ್ಟಿಗೆ ಕಂಡಿತು.

“ಹೌದು, ರೌಡಿನೇ,” ಅಂದೆ. “ಐವತ್ಮೂರರಲ್ಲಿ ಏರಿ ಒಡ್ಕೊಂಡು ಬಂತು. ಅವ್ರ ದೇಶದಲ್ಲೇ ಸಾವಿರದ ಎಂಟುನೂರು ಜನಕ್ಕಿಂತ ಜಾಸ್ತಿ ಸತ್ರು. ಮಲಗಿದ್ದೋರು.”

ನಗು ನಿಂತಿತು. ಬಿಟ್ಟಿದ್ದದ್ದೆಲ್ಲ ತಾನಾಗಿ ಬಂತು. ಆಮೇಲೆ ಕಟ್ಟಿದ ದೊಡ್ಡ ಗೇಟುಗಳು, ಬಿರುಗಾಳಿ ಎದ್ದಾಗ ಅವನ್ನು ಮುಚ್ಚುವುದು, ಇವತ್ತಿಗೂ ನಿಲ್ಲದ ಪಂಪುಗಳು. ವಿಭಕ್ತಿ ಎಲ್ಲ ಅಡ್ಡಾದಿಡ್ಡಿ. ಯಾರೂ ನಗಲಿಲ್ಲ.

ಕೊನೆಗೆ ಮೇಡಂ ಹೇಳಿದರು, ಮಟ್ಟ ಹಾಕುವುದು ಎಂದರೆ ಸೊಕ್ಕು ಅಡಗಿಸುವುದು, ಅಳೆಯುವುದಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾ, “ಗೊತ್ತಿಲ್ದೇ ಸರಿಯಾಗೇ ಹೇಳಿದೀಯಮ್ಮ. ಇದೇ ಸೆಕ್ಷನ್‌ನಲ್ಲಿರು,” ಅಂದರು.

ಸೆಪ್ಟೆಂಬರ್ 10, ಸಂಜೆ

ನಾನೇ ಫೋನ್ ಮಾಡಿದೆ. “ಹೌ ಆರ್—” ಅಪ್ಪ ಮುಗಿಸುವ ಮೊದಲೇ ಕನ್ನಡದಲ್ಲಿ ಹೊರಟುಬಿಟ್ಟೆ. ಆ ದೇಶದಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ, ನಿಮ್ಮ ಹಾಗೇ ಗಾಜು ಉಜ್ಜುತ್ತಿದ್ದ, ಒಂದು ಹನಿ ನೀರಿನೊಳಗೆ ಪುಟ್ಟ ಪುಟ್ಟ ಜೀವಗಳು ಓಡಾಡುವುದನ್ನು ಕಂಡ ಎಂದೆ. ಆ ಕಡೆಯಿಂದ ವೆರಿ ಗುಡ್, ವೆರಿ ಗುಡ್. ಆಮೇಲೆ ಸ್ಟೂಲು ಎಳೆದ ಸದ್ದು.

“ಗಾಜು ಎಷ್ಟು ದೊಡ್ಡದಿತ್ತಂತೆ, ಪುಟ್ಟಿ?”

ಸಾಸಿವೆಕಾಳಿನಷ್ಟು ಅಂದೆ.

“ಸುಮ್ನಿರು. ಅಷ್ಟು ಚಿಕ್ಕದನ್ನ ಹಿಡ್ಕೊಂಡು ಉಜ್ಜೋದು ಹೇಗೆ? ಯಾರೋ ನಿನ್ನ ಕಿವಿಗೆ ಹೂ ಇಟ್ಟಿದಾರೆ.”

ವಾದಕ್ಕೆ ಬಿದ್ದೆವು. ಅಪ್ಪ ಒಪ್ಪಲೇ ಇಲ್ಲ. ಗಿರಾಕಿ ಬಂದರು, ಫೋನ್ ಇಡಬೇಡ, ಇದನ್ನ ಇವತ್ತೇ ತೀರ್ಮಾನ ಮಾಡೋಣ ಅಂದರು.

ಇಟ್ಟಿಲ್ಲ. ಫೋನ್ ಸ್ಪೀಕರಿನಲ್ಲಿದೆ. ಗಿರಾಕಿಗೆ ಫ್ರೇಮ್ ತೋರಿಸುತ್ತಾ ಅಪ್ಪ ನನ್ನ ಮಗಳು ಹೇಳ್ತಾಳೆ, ಸಾಸಿವೆಕಾಳಿನಷ್ಟಂತೆ ಅಂತ ನಗುತ್ತಿರುವುದು ಕೇಳಿಸುತ್ತಿದೆ. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಡ್ರಾಯರ್ ಮುಚ್ಚಿದ ಸದ್ದು. ಬಂದರು ಅನ್ನಿಸುತ್ತೆ —