ಬುಧವಾರ ನನ್ನನ್ನು ನಾಪಾಸು ಮಾಡಿರಿ

ಲಾರಿ ಚಾಲಕರಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ಬರುವ ಬುಧವಾರ ನೀವು ಜಮಖಂಡಿಯ ಪ್ರವಾಸಿ ಬಂಗಲೆಯ ಅಂಗಳದಲ್ಲಿ ಚಾಲಕರ ಪರೀಕ್ಷೆ ನಡೆಸುವಿರಿ. ಉಮೇದುವಾರರಲ್ಲಿ ನಾನೂ ಒಬ್ಬ. ನೀವು ನನ್ನನ್ನು ಪಾಸು ಮಾಡಿಬಿಡುವಿರಿ ಎಂಬ ಭಯದಿಂದ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನೇ ಅರ್ಜಿಯಾಗಿ ಬರೆದು ಕಳೆದ ವಾರ ನಿಮ್ಮ ಕಚೇರಿಗೆ ಹೋಗಿದ್ದೆ. ಅಲ್ಲಿಯ ಕಾರಕೂನರು ಎರಡು ಸಲ ಓದಿದರು, ಕನ್ನಡಕ ತೆಗೆದು ನನ್ನನ್ನು ನೋಡಿದರು. "ಪಾಸ್ ಮಾಡ್ರಿ ಅಂತ ಕೈ ಮುಗದವರನ್ನ ಭಾಳ ಮಂದಿನ್ನ ನೋಡೇನಿ. ನಾಪಾಸ ಮಾಡ್ರಿ ಅನ್ನಾಂವನ್ನ ಇವತ್ತ ನೋಡಿದೆ. ಇದಕ್ಕ ನಮ್ಮಲ್ಲಿ ಕಾಯದೆ ಇಲ್ಲಪಾ" ಎಂದು ಕಾಗದವನ್ನು ನನ್ನ ಕೈಗೇ ಮರಳಿಸಿದರು. ಕಾಯದೆ ಇಲ್ಲದ ಮಾತನ್ನು ಪತ್ರಿಕೆಯಲ್ಲಿ ಆಡುವುದೊಂದೇ ದಾರಿಯಾದ್ದರಿಂದ ಹೀಗೆ ನಾಲ್ಕು ಜನರ ಎದುರಿಗೆ ನಿಮ್ಮನ್ನು ಕಾಣುತ್ತಿದ್ದೇನೆ.

ನಾನು ತೇರದಾಳದ ಒಕ್ಕಲುತನದ ಮನೆಯವನು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯಾದ ಮೇಲೆ ಸಂಸ್ಥಾನದ ಕಚೇರಿಯಲ್ಲಿ ಬರವಣಿಗೆಯ ಕೆಲಸಕ್ಕಿದ್ದೆ. ಸಂಸ್ಥಾನವು ಮುಂಬಯಿ ಸರಕಾರದಲ್ಲಿ ಸೇರಿಹೋದಾಗ ಕಾಗದಗಳೆಲ್ಲ ಸರಕಾರಕ್ಕೆ ಬೇಕಾದವು, ಬರೆಯುತ್ತಿದ್ದವರಲ್ಲಿ ಕೆಲವರು ಬೇಡವಾದೆವು. ಈಗ ಒಂದು ಲಾರಿ ಕಂಪನಿಯಲ್ಲಿ ಚಾಲಕನಾಗಲು ಕಲಿಯುತ್ತಿದ್ದೇನೆ. ಮಹಾಲಿಂಗಪುರದ ಬೆಲ್ಲವನ್ನೂ ಬನಹಟ್ಟಿಯ ಸೀರೆಗಳನ್ನೂ ಹೇರಿಕೊಂಡು ನಮ್ಮ ಲಾರಿಗಳು ಮುಂಬಯಿಗೆ, ಕೊಂಕಣದ ಬಂದರುಗಳಿಗೆ ಹೋಗುತ್ತವೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ. ಹೆಸರು ಬರೆದರೆ ನೀವು ಆ ಒಂದು ಕಂಪನಿಗೆ ಒಂದು ನೋಟೀಸು ಕಳಿಸಿ ಕೈ ತೊಳೆದುಕೊಳ್ಳುವಿರಿ.

ನಮ್ಮ ಶಿಕ್ಷಣ ಹೇಗಿರುತ್ತದೆಂದು ನಿಮಗೆ ತಿಳಿದಿರಲಾರದು. ಮೊದಲು ಲಾರಿ ತೊಳೆಯಬೇಕು, ಆಮೇಲೆ ಚಕ್ರ ಬದಲಿಸಬೇಕು, ಕೊನೆಗೆ ಖಾಲಿ ಲಾರಿಯನ್ನು ಮುಧೋಳಕ್ಕೆ, ಬೀಳಗಿಗೆ ಹೊಡೆಯಬೇಕು. ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಗೆರೆ ಎಳೆದಂಥ ರಸ್ತೆ. ಎದುರಿನಿಂದ ಚಕ್ಕಡಿ ಬಂದರೆ, ಅದು ಕಣ್ಣಿಗೆ ಬಿದ್ದ ಮೇಲೆ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಳ್ಳುವಷ್ಟು ಹೊತ್ತು ಇರುತ್ತದೆ. ಆ ರಸ್ತೆಯಲ್ಲಿ ನಾನು ಛಲೋ ಚಾಲಕನೇ. ನಮ್ಮ ಸೀಮೆಯಲ್ಲಿ ಹುಟ್ಟಿದವನಿಗೆ ನೆಲ ಹೀಗೆಯೇ ಇರುತ್ತದೆಂಬ ಭರವಸೆ. ಅದು ಒಮ್ಮೆಲೇ ಕಾಲ ಕೆಳಗಿನಿಂದ ಜಾರಿ ಹೋಗಬಹುದೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ಜಾರುವುದು ಕೊಂಕಣಕ್ಕೆ ಇಳಿಯುವ ಘಾಟಿನಲ್ಲಿ. ಭಾರ ಹೇರಿದ ಲಾರಿಯನ್ನು ಗಿಯರಿನಲ್ಲಿಟ್ಟು ಇಳಿಸಿದರೆ ಇಂಜಿನ್ನೇ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಆದರೆ ಇಂಜಿನ್ನು ಪೆಟ್ರೋಲು ಕುಡಿಯುತ್ತದೆ. ಆದಕಾರಣ ಕಂಪನಿಯ ಒಡೆಯರಾದ ನಮ್ಮ ಸಾವಕಾರರ ಪದ್ಧತಿ ಬೇರೆ: ಘಾಟಿನ ತಲೆಯ ಮೇಲೆ ಗಿಯರು ತೆಗೆಯಬೇಕು, ಇಂಜಿನ್ ಬಂದ್ ಮಾಡಬೇಕು, ಬುಡದವರೆಗೆ ಬರೀ ಬ್ರೇಕಿನ ಮೇಲೆ ಇಳಿಯಬೇಕು. ಲಾರಿ ಮರಳಿದಾಗ ಪೆಟ್ರೋಲಿನ ಟಾಕಿಯಲ್ಲಿ ಬಿದಿರು ಕಡ್ಡಿ ಇಳಿಬಿಟ್ಟು ನೋಡುತ್ತಾರೆ. ಕಡ್ಡಿ ಒದ್ದೆಯಾಗದಿದ್ದರೆ ಆ ಚಾಲಕನಿಗೆ ಮುಂದಿನ ಖೇಪು, ಅಂದರೆ ಮಾಲು ಸಾಗಿಸುವ ಸರದಿ, ಇಲ್ಲ.

ಹೊಸಬರಿಗೆ ಇದನ್ನು ಕಲಿಸುವ ರೀತಿಯೂ ಇದೆ. ಕಲಿಸುವವರು ಮುರಗೆಪ್ಪ, ಕಂಪನಿಯ ಹಳೆಯ ಚಾಲಕರು. ನಾವು ಅವರನ್ನು ಉಸ್ತಾದರೆಂದು ಕರೆಯುತ್ತೇವೆ. ನನಗಿಂತ ಮೊದಲಿನ ಖೇಪಿನಲ್ಲಿ, ನನ್ನ ಜೊತೆಗೇ ಕಲಿಯುತ್ತಿದ್ದ ಬನಹಟ್ಟಿಯ ಗಿರಮಲ್ಲಪ್ಪನನ್ನು ಕರೆದುಕೊಂಡು ಹೋಗಿದ್ದರು. ಮರಳಿ ಬಂದವನನ್ನು "ಹೆಂಗಿತ್ತೋ?" ಎಂದು ಕೇಳಿದೆ. "ನೀನೂ ಹೋಗಿ ಬಾ, ತಿಳೀತೈತಿ" ಎಂದ. ಮಾತಿಗೊಮ್ಮೆ ನಗುವ ಹುಡುಗ ಅಂದು ನಗಲಿಲ್ಲ.

ನನ್ನ ಪಾಳಿ ಬಂದ ದಿನ ಬಿಸಿಲು ನೆತ್ತಿಯ ಮೇಲಿತ್ತು. ಘಾಟಿನ ತಲೆಯ ಚಹದಂಗಡಿಯ ಮುಂದೆ ಉಸ್ತಾದರು ನನ್ನನ್ನು ತಮ್ಮ ಜಾಗದಲ್ಲಿ ಕೂರಿಸಿದರು. ಹಿಂದೆ ತುಂಬ ಬೆಲ್ಲ. ಲಾರಿ ಇಳಿಜಾರಿಗೆ ಮೂತಿ ಹಚ್ಚಿತು.

"ಗೇರ್ ತಗಿ" ಎಂದರು. ತೆಗೆದೆ.

"ಇಂಜಿನ್ ಬಂದ್ ಮಾಡು."

"ಇಳಕಲಿನ್ಯಾಗೇನ್ರಿ?"

"ಮತ್ತ ಏರಿನ್ಯಾಗ ಬಂದ್ ಮಾಡ್ತಾರೇನಲೇ?"

ಬಂದ್ ಮಾಡಿದೆ. ಅವರು ಕೈ ಚಾಚಿ ಕೀಲಿಕೈ ಕಿತ್ತುಕೊಂಡು ಅಂಗಿಯ ಒಳಕಿಸೆಗೆ ಹಾಕಿ ಗುಂಡಿ ಹಚ್ಚಿದರು. ಹೊಸಬ ಹೆದರಿ ನಡುದಾರಿಯಲ್ಲಿ ಇಂಜಿನ್ ಚಾಲೂ ಮಾಡಬಾರದಲ್ಲ, ಅದಕ್ಕೆ. "ಇನ್ನ ನಿನ್ನ ಕೈ, ನಿನ್ನ ಕಾಲು. ನನ್ನ ಮಾರಿ ನೋಡಬ್ಯಾಡ" ಎಂದರು.

ಮಾನ್ಯರೇ, ತುಂಬಿದ ಲಾರಿ ಸದ್ದಿಲ್ಲದೆ ಓಡುವುದನ್ನು ನೀವು ಎಂದಾದರೂ ಕೇಳಿದ್ದೀರಾ? ಇಂಜಿನ್ನಿನ ಗದ್ದಲವಿದ್ದಾಗ ಮನುಷ್ಯನಿಗೆ ಯಾರೋ ಜೊತೆಗಿದ್ದಾರೆ ಅನ್ನಿಸುತ್ತದೆ. ಅಂದು ಕೇಳಿದ್ದು ಗಾಳಿ, ಮಾಲಿಗೆ ಹೊದಿಸಿದ ತಾಡಪತ್ರಿಯ ಪಟಪಟ, ನಮ್ಮ ಬೆನ್ನ ಹಿಂದಿನ ಹಲಗೆಗೆ ಬೆಲ್ಲದ ಪೆಂಟೆಗಳು ಒತ್ತಿಕೊಳ್ಳುವ ಕಿರುಗುಟ್ಟು. ಮೊದಲನೆಯ ತಿರುವಿನಲ್ಲಿ ಬ್ರೇಕು ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಎರಡನೆಯದರಲ್ಲಿ ಮೆತ್ತಗಾಗಿತ್ತು, ಕೆಳಗಿನಿಂದ ಏನೋ ಸುಡುವ ವಾಸನೆ ಬಂತು. ಮೂರನೆಯದಕ್ಕೆ ಬರುವಷ್ಟರಲ್ಲಿ ಕಾಲು ತಳದ ಹಲಗೆಯವರೆಗೂ ಹೋಯಿತು, ಲಾರಿ ಮಾತ್ರ ನಿಧಾನವಾಗಲಿಲ್ಲ. ಎದುರಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಅದರಾಚೆ ಗಿಡಗಳ ತುದಿಗಳು. ಬುಡವಲ್ಲ, ತುದಿಗಳು. ಆಗ ನನ್ನ ಬಾಯಿಂದ ಒಂದು ಕೂಗು ಬಂತು. "ಹೋ! ಹೋ ನನ್ನಪ್ಪಾ, ಹೋ!" ಅದು ನಮ್ಮಪ್ಪ ಚಕ್ಕಡಿಯ ಎತ್ತುಗಳಿಗೆ ಹೇಳುತ್ತಿದ್ದ ಮಾತು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಲು ನನಗೆ ಚಿಕ್ಕಂದಿನಿಂದ ಯಾರಾದರೂ ಏನಾದರೂ ಕಲಿಸಿದ್ದರೆ ಅದೊಂದನ್ನೇ.

ಉಸ್ತಾದರು ಒಂದು ಕೈಯಿಂದ ಹ್ಯಾಂಡ್ ಬ್ರೇಕು ಜಗ್ಗಿ, ಇನ್ನೊಂದು ಕೈಯಿಂದ ಸ್ಟಿಯರಿಂಗನ್ನು ತಮ್ಮ ಕಡೆಗೆ ಎಳೆದರು. ಲಾರಿ ಗುಡ್ಡದ ಬದಿಯ ಮಣ್ಣಿಗೆ ಮೈ ಉಜ್ಜುತ್ತ ಹೋಗಿ ನಿಂತಿತು. ಆಮೇಲೆ ಅವರಿಗೆ ನಗು ಬಂತು.

"ಲೇ ಪಾರೀಸಾ, ಲಾರಿಗೆ ಕಿವಿ ಎಲ್ಲಿ ಅದಾವೋ?"

ನಗುತ್ತಲೇ ಬೀಡಿ ಬಾಯಿಗಿಟ್ಟರು. ಕಡ್ಡಿ ಗೀರಿದರು. ಬೀಡಿಯ ತುದಿ ಎಲ್ಲೋ, ಕಡ್ಡಿ ಎಲ್ಲೋ. ಗಾಳಿಯಿರಲಿಲ್ಲ.

"ನಿಮಗೂ ಅಂಜಿಕಿ ಬರತೈತೇನ್ರಿ ಉಸ್ತಾದ್ರ?"

"ಬಾಯಿ ಮುಚ್ಚು. ಘಾಟಿನ್ಯಾಗ ಅದರ ಹೆಸರ ತಗೀಬಾರ್ದು." ಇನ್ನೊಂದು ಕಡ್ಡಿ ಗೀರಿ ಅಂದರು: "ನನಗೂ ಹಿಂಗ ಕಲಿಸ್ಯಾರ. ಆತು, ಕಲ್ತಿ. ಇನ್ನ ಸಾಹೇಬ್ರ ಮುಂದ ನಿಲ್ಲಿಸ್ತಾರ."

ಹೀಗೆ ನನ್ನ ಶಿಕ್ಷಣ ಪೂರ್ತಿಯಾಯಿತು. ನಮ್ಮ ಲಾರಿಗಳು ನಿಲ್ಲುವ ಅಡ್ಡೆಗೆ ಬಂದ ಮೇಲೆ ನಾನು ಲಾರಿಗೆ "ಹೋ" ಅಂದ ಸಂಗತಿ ಎಲ್ಲರಿಗೂ ಗೊತ್ತಾಯಿತು. ಯಾಕೆ ಅಂದೆ ಎಂಬುದನ್ನು ಯಾರೂ ಕೇಳಲಿಲ್ಲ. ಬೇರೆ ಭಾಷೆಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳನ್ನು ಓದುವ ಚಟ ನನಗಿದೆ. ಅವುಗಳಲ್ಲಿ ಹೆದರಿದವನಿಗೆ ತನ್ನ ಹೆದರಿಕೆಯ ಬಗ್ಗೆ ನಾಲ್ಕು ಪುಟ ಮಾತಾಡುವ ಅವಕಾಶವಿರುತ್ತದೆ, ಕೇಳುವ ಸ್ನೇಹಿತನೂ ಇರುತ್ತಾನೆ. ನಮ್ಮ ಅಡ್ಡೆಯಲ್ಲಿ ನಾಲ್ಕು ಶಬ್ದಕ್ಕೂ ಜಾಗವಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದಿದ್ದೇನೆ.

ಈಗ ನಿಮ್ಮ ಪರೀಕ್ಷೆಯ ವಿಷಯ. ಕಳೆದ ಸಲ ನೀವು ಬಂದಾಗ ಗಿರಮಲ್ಲಪ್ಪನ ಪರೀಕ್ಷೆಯಾಯಿತು. ನಾನು ಬಂಗಲೆಯ ಗೇಟಿನ ಬಳಿ ನಿಂತು ನೋಡಿದ್ದೇನೆ. ಖಾಲಿ ಲಾರಿ, ಸಮನಾದ ಅಂಗಳ. ಬೇವಿನ ಗಿಡದ ಸುತ್ತ ಒಂದು ಸುತ್ತು. ನೀವು ಪಡಸಾಲೆಯ ಆರಾಮ ಕುರ್ಚಿಯಲ್ಲಿ ಕೂತು ಬಶಿಯಲ್ಲಿ ಚಹ ಆರಿಸಿಕೊಳ್ಳುತ್ತಿದ್ದಿರಿ. ಲಾರಿ ಗಿಡದ ಹಿಂದೆ ಹೋದಾಗ ನಿಮಗೆ ಕಾಣುವಂತಿರಲಿಲ್ಲ. ಈಚೆಗೆ ಬಂದಾಗ ನೀವು ಬಶಿಯನ್ನು ನೋಡುತ್ತಿದ್ದಿರಿ. ಅವನು ಇಳಿದು ಬಂದು ಕೈ ಕಟ್ಟಿ ನಿಂತ. "ಕಣ್ಣು ಛಲೋ ಅದಾವಿಲ್ಲೋ?" ಎಂದು ಕೇಳಿದಿರಿ. "ಅದಾವ್ರಿ" ಅಂದ. "ಆತು, ಹೋಗು." ಅಲ್ಲಿದ್ದವರ ಪೈಕಿ ಯಾರ ಕಣ್ಣನ್ನು ಪರೀಕ್ಷಿಸುವುದು ಅಗತ್ಯವಿತ್ತು ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ.

ತಾನೊಬ್ಬನೇ ಚಾಲಕನಾಗಿ ಹೋದ ಮೊದಲ ಖೇಪಿನಲ್ಲಿಯೇ ಗಿರಮಲ್ಲಪ್ಪನ ಲಾರಿ ಆ ಮೂರನೆಯ ತಿರುವಿನಲ್ಲಿ ತಿರುಗಲಿಲ್ಲ. ಕ್ಲೀನರು ಜಿಗಿದು ಉಳಿದುಕೊಂಡ. ಮಾಲು ಎತ್ತಿ ತರಲು ಕಂಪನಿ ಕಳಿಸಿದವರಲ್ಲಿ ನಾನೂ ಇದ್ದೆ. ಹಗ್ಗ ಹಿಡಿದು ಕೆಳಗೆ ಇಳಿದಾಗ ಕಂಡದ್ದನ್ನೆಲ್ಲ ಇಲ್ಲಿ ಬರೆಯಲಾರೆ, ಅವನ ಮನೆಯವರೂ ಪತ್ರಿಕೆ ಓದಿಸಿ ಕೇಳುತ್ತಾರೆ. ಒಂದನ್ನು ಮಾತ್ರ ಹೇಳುತ್ತೇನೆ. ಗಿಯರಿನ ಕೋಲು ನಡುವೆ ನಿಂತಿತ್ತು, ಯಾವ ಗಿಯರಿನಲ್ಲೂ ಇರಲಿಲ್ಲ. ಕಲಿಸಿದ ಪಾಠವನ್ನು ಹುಡುಗ ತಪ್ಪದೆ ಒಪ್ಪಿಸಿದ್ದ. ಪೋಲೀಸರು 'ಚಾಲಕನ ನಿಷ್ಕಾಳಜಿ' ಎಂದು ಬರೆದುಕೊಂಡರು. ಸಾವಕಾರರು ಹೇಳಿದ್ದು ಇಷ್ಟು: "ಸರಕಾರ ಪಾಸ್ ಮಾಡಿದಾಂವನ್ನ ಕಳಿಸಿದ್ವಿ. ಇದಕ್ಕಿಂತ ಹೆಚ್ಚಿಗಿ ನಾವೇನ ಮಾಡಬೇಕಿತ್ತು?"

ಗಿರಮಲ್ಲಪ್ಪನ ತಾಯಿ ಬೋರವ್ವನನ್ನು ಮಾತಾಡಿಸಲು ಹೋಗಿದ್ದೆ. ರಾಟಿಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀ ಅವನ ಜೋಡಿ ಕಲ್ತಾಂವಲ್ಲೋ ಯಪ್ಪಾ. ಖರೆ ಹೇಳು. ಅವಗ ಗಾಡಿ ಹೊಡಿಯಾಕ ಬರತಿತ್ತಿಲ್ಲೋ?"

"ಬರತಿತ್ತವ್ವಾ" ಎಂದೆ. ಸಮಾಧಾನವಾಗಲಿ ಎಂದು.

"ಹಂಗಂದ್ರ ತಪ್ಪ ಅವಂದ ಆತಲ್ಲೋ."

"ಇಲ್ಲವ್ವಾ, ಬರತಿದ್ದಿಲ್ಲ. ನಮಗ ಯಾರಿಗೂ ಬರೂದಿಲ್ಲ" ಎಂದೆ.

ಆಗ ರಾಟಿ ನಿಂತಿತು. "ಬರಲಾರದಾಂವಗ ಸರಕಾರದವ್ರು ಚೀಟಿ ಹೆಂಗ ಕೊಟ್ರೋ?"

ಮಾನ್ಯರೇ, ಇದಕ್ಕೆ ಉತ್ತರ ನಿಮ್ಮಲ್ಲಿರಬೇಕು. ಪರವಾನಗಿಯೆಂದರೆ ಅನ್ನದ ದಾರಿ ಎಂದು ನಾವು ತಿಳಿದಿದ್ದೆವು. ಅದರ ನಿಜವಾದ ಉಪಯೋಗ ಈಗ ಅರ್ಥವಾಗಿದೆ. ಅದರ ಮೇಲೆ ನಿಮ್ಮ ಠಸೆ ಬೀಳುವವರೆಗೆ ತಪ್ಪು ಸಾವಕಾರರದು, ಉಸ್ತಾದರದು, ಬ್ರೇಕಿನದು, ಘಾಟಿನದು. ಬಿದ್ದ ಮರುಗಳಿಗೆಯಿಂದ ಎಲ್ಲವೂ ನನ್ನೊಬ್ಬನದು. ನಾನು ಸತ್ತರೆ ಸಾಯುವುದಷ್ಟೇ ಅಲ್ಲ, ತಪ್ಪಿತಸ್ಥನಾಗಿ ಸಾಯುತ್ತೇನೆ. ಪಾನನಿಷೇಧದ ಕಾಯದೆ ಬಂದಾಗಿನಿಂದ ಮುಂಬಯಿ ಸರಕಾರದ ಪೋಲೀಸರು ಪ್ರತಿಯೊಂದು ನಾಕೆಯಲ್ಲಿ ನಮ್ಮ ಲಾರಿ ನಿಲ್ಲಿಸಿ ಸರಾಯಿ ಇದೆಯೇ ಎಂದು ಮೂಸಿ ನೋಡುತ್ತಾರೆ. ಬ್ರೇಕು ಇದೆಯೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕುಡಿದು ಸಾಯುವುದನ್ನಷ್ಟೇ ಸರಕಾರ ನಿಷೇಧಿಸಿದೆಯೇ?

ಅಂಜುಬುರುಕನಾದರೆ ಕೆಲಸ ಬಿಡಬಹುದಲ್ಲ ಎಂದು ನೀವು ಕೇಳಬಹುದು. ಅಂಜುಬುರುಕನೇ ಹೌದು. ಊಟಕ್ಕೆ ಕೂತಲ್ಲಿಯೂ ನನ್ನ ಬಲಗಾಲು ನೆಲವನ್ನು ಒತ್ತುತ್ತದೆ. "ರೊಟ್ಟಿ ಮುಂದನೂ ಬ್ರೇಕ್ ಹಾಕತೀರಲ್ರೀ" ಎಂದು ಹೆಂಡತಿ ಮಹಾದೇವಿ ನಗಿಸಲು ನೋಡಿದಳು, ಮಾತು ಮುಗಿಸುವ ಮೊದಲೇ ಎದ್ದು ಒಳಗೆ ಹೋದಳು. ಕೆಲಸ ಬಿಡುವ ವಿಚಾರ ಬಂದಾಗ ಅವಳೇ ತಡೆದಳು. ಯಾಕೆಂದರೆ ನಾನು ಬಿಟ್ಟ ಜಾಗಕ್ಕೆ ಬರಲು ಕಾದು ನಿಂತವನು ಅವಳ ತಮ್ಮ ಶಾಂತಿನಾಥ. ಅವನನ್ನು ಈಗಾಗಲೇ ಲಾರಿ ತೊಳೆಯಲು ಹಚ್ಚಿದ್ದಾರೆ. "ಮಾಮಾ, ನಿಮಗ ಎದಿ ಇಲ್ಲ. ನಾ ಇಳಿಸಿ ತೋರಸ್ತೇನಿ, ನೋಡ್ರಿ" ಎನ್ನುತ್ತಾನೆ. ಅವನಿಗೆ ಸ್ವಲ್ಪವೂ ಹೆದರಿಕೆಯಿಲ್ಲ. ನನ್ನ ಹೆದರಿಕೆಗಿಂತ ಹೆಚ್ಚಾಗಿ ನಾವು ಗಂಡಹೆಂಡಿರು ಹೆದರಿರುವುದು ಅದಕ್ಕೆ. ನಾನು ತಪ್ಪಿಸಿಕೊಂಡರೆ ಅವನನ್ನು ಆ ಸೀಟಿಗೆ ನೂಕಿದಂತೆ. ನೀವು ನಾಪಾಸು ಮಾಡಿದರೆ ಮಾತ್ರ, ಈ ಶಿಕ್ಷಣ ಶಿಕ್ಷಣವಲ್ಲವೆಂದು ಸರಕಾರ ಬರೆದು ಕೊಟ್ಟಂತಾಗುತ್ತದೆ. ಆಗ ಸಾವಕಾರರು ಕಲಿಸುವ ರೀತಿ ಬದಲಿಸಬೇಕಾಗುತ್ತದೆ, ಇಲ್ಲವೆ ಲಾರಿ ನಿಲ್ಲಿಸಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆ. ಘಾಟು ಇಳಿಯಬೇಕಾದ ಚಾಲಕನನ್ನು ಘಾಟಿನಲ್ಲಿ, ಭಾರ ಹೇರಿ, ಪಕ್ಕದಲ್ಲಿ ಕೂತು ಪರೀಕ್ಷಿಸಿರಿ. ಇಂಜಿನ್ ಬಂದ್ ಮಾಡಿ ಇಳಿಸುವ ಪದ್ಧತಿಯನ್ನು ಎಲ್ಲ ಕಂಪನಿಗಳಲ್ಲೂ ನಿಲ್ಲಿಸಿರಿ. ಅದಾಗದಿದ್ದರೆ ಪರವಾನಗಿಯ ಮೇಲೆ ನೀವು ನಿಜವಾಗಿ ನೋಡಿದ್ದನ್ನಷ್ಟೇ ಬರೆಯಿರಿ: 'ಈತ ಖಾಲಿ ಲಾರಿಯಲ್ಲಿ ಒಂದು ಗಿಡವನ್ನು ಸುತ್ತಿ ಬಂದಿದ್ದಾನೆ, ಅರ್ಧ ಸುತ್ತನ್ನು ನಾನು ಕಂಡಿದ್ದೇನೆ.' ಮುಂದೆ ನಮ್ಮ ತಾಯಂದಿರು ಕೇಳಿದಾಗ ಓದಿ ಹೇಳಲು ಬರುತ್ತದೆ.

ಬುಧವಾರ ನಾನು ತಪ್ಪದೆ ಬರುತ್ತೇನೆ, ಲಾರಿಯಲ್ಲಿ ಕೂರುತ್ತೇನೆ. ಆದರೆ ನೀವು ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕೂರುವವರೆಗೆ ಚಾಲೂ ಮಾಡುವುದಿಲ್ಲ. ನೀವು ಕೂತಿರೆಂದರೆ ಗೇಟು ದಾಟಿ ಮಹಾಲಿಂಗಪುರಕ್ಕೆ ಹೋಗಿ ಬೆಲ್ಲ ಹೇರಿಕೊಂಡು ಕೊಂಕಣದ ದಾರಿ ಹಿಡಿಯುತ್ತೇನೆ. ದೂರದ ದಾರಿ, ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬನ್ನಿರಿ. 'ನಿಮ್ಮನ್ನು ಗಿಯರಿನಲ್ಲಿಯೇ ಇಳಿಸುತ್ತೇನೆ, ಹೆದರಬೇಡಿರಿ' ಎಂದು ಬರೆಯಬೇಕೆಂದಿದ್ದೆ. ಆದರೆ ತುಂಬಿದ ಲಾರಿಯನ್ನು ಗಿಯರಿನಲ್ಲಿ ಇಳಿಸುವುದನ್ನು ನನಗೆ ಯಾರೂ ಕಲಿಸಿಲ್ಲ. ಆದಕಾರಣ ಹೆದರಿರಿ. ಹೆದರಿಕೆಯಾದ ಕೂಡಲೇ ಬಾಯಿಬಿಟ್ಟು ಹೇಳಿರಿ, ನನ್ನನ್ನು ಅಲ್ಲಿಯೇ ನಾಪಾಸು ಮಾಡಿರಿ. ನಾನು ಲಾರಿ ನಿಲ್ಲಿಸುತ್ತೇನೆ, ನಿಲ್ಲಿಸಲು ಬಂದರೆ.

ಇಂತಿ,
ಬುಧವಾರದವರೆಗೆ ಪರವಾನಗಿಯಿಲ್ಲದೆ ಸುರಕ್ಷಿತನಾಗಿರುವ
ಪಾರಿಸಪ್ಪ, ತೇರದಾಳ