ಹಗ್ಗದ ಮೇಲಿನ ಬಿಳಿ ಬಟ್ಟೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮುಂಗೋಪಿಗಳಿಗೆ,

ಬೆನ್ನುನೋವು ಹೇಗಿದೆ? ಅಣೆಕಟ್ಟಿನ ಕೆಲಸದಲ್ಲಿ ಭಾರ ಎತ್ತಲು ಹೋಗಬೇಡಿ. ಇಲ್ಲಿ ನಿಮ್ಮ ಅಮ್ಮ ಚೆನ್ನಾಗಿದ್ದಾರೆ, ಕೆಮ್ಮು ಕಡಿಮೆಯಾಗಿದೆ. ಯಾಕೆ ಕಡಿಮೆಯಾಯಿತು ಎಂದು ಬರೆಯುತ್ತೇನೆ, ಕುಳಿತುಕೊಂಡೇ ಓದಿ.

ಮೂರು ತಿಂಗಳ ಹಿಂದೆ ಆಸ್ಪತ್ರೆಯವರು ನಾವು ಒಗೆದು ಕೊಟ್ಟ ಹಾಸಿಗೆ ಬಟ್ಟೆಗಳನ್ನೆಲ್ಲ ವಾಪಸ್ ಕಳಿಸಿದರು. ಮೈತುಂಬ ಮಸಿಯ ಚುಕ್ಕೆ. ಇನ್ನೊಂದು ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತಾರಂತೆ. ಮಸಿ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕೇ? ಹಿತ್ತಲಲ್ಲಿ ನಾನು ಬಟ್ಟೆ ಹರವುವುದು, ಪಕ್ಕದಲ್ಲೇ ಬಟ್ಟೆ ಸಾಗಿಸುವ ನಿಮ್ಮ ಮುದ್ದಿನ ಡೀಸೆಲ್ ವ್ಯಾನು ಸ್ಟಾರ್ಟ್ ಆಗುವುದು, ನಾನು ಒದ್ದೆ ಬಟ್ಟೆ ಬಾಚಿಕೊಂಡು ಒಳಗೆ ಓಡುವುದು. ಇಷ್ಟು ವರ್ಷ ಇದೇ ಆಯಿತು. ನೀವು ಬಿಳಿ ಶರ್ಟ್ ಹಾಕುವುದನ್ನು ಬಿಟ್ಟಿರಿ, ವ್ಯಾನನ್ನು ಬಿಡಲಿಲ್ಲ.

ಹೊಗೆ ಉಗುಳುವ ಹಳೆಯ ಗಾಡಿಯನ್ನು ಗುಜರಿಗೆ ಕೊಟ್ಟರೆ ಹೊಸದಕ್ಕೆ ಸರ್ಕಾರ ರಿಯಾಯಿತಿ ಕೊಡುತ್ತದೆ ಎಂದು ಫೋನಿನಲ್ಲಿ ಹೇಳಿದರೆ, "ನನ್ನ ಹೆಣ ಬಿದ್ದ ಮೇಲೆ ಕೊಡು" ಅಂದಿರಿ. ಮೊದಲು ಕಣ್ಣೀರು ಬಂತು, ಆಮೇಲೆ ಸಿಟ್ಟು. ಅದೃಷ್ಟ ಬರಲಿ ಅಂತ ವ್ಯಾನನ್ನು ನನ್ನ ಹೆಸರಿನಲ್ಲಿ ಮಾಡಿಸಿದವರು ನೀವೇ ಅಲ್ಲವೇ? ಗುಜರಿಗೆ ಕೊಟ್ಟೇ ಬಿಡುತ್ತೇನೆ ಅಂದಾಗ ನಿಮ್ಮ ತಮ್ಮ, "ಬೇಡ ಅತ್ತಿಗೆ, ಅಣ್ಣ ನನ್ನನ್ನು ಸಿಗಿದು ಹಾಕ್ತಾನೆ" ಎಂದು ಗೋಗರೆದ. ನಿಮ್ಮ ಅಮ್ಮ ಮಾತ್ರ, "ಕೊಟ್ಟು ಬಾರೇ. ನಾನು ಹೆತ್ತಿದ್ದು ಅವನನ್ನ, ವ್ಯಾನನ್ನಲ್ಲ" ಎಂದರು.

ಗುಜರಿಯವನು ನನ್ನ ಹಿಂದೆ ಯಾರಾದರೂ ಗಂಡಸು ಬರುತ್ತಾನೇನೋ ಎಂದು ಇಣುಕಿದ. "ಓನರ್ ಎಲ್ಲಮ್ಮಾ?" ಅಂದ. ನಾನೇ ಅಂದೆ. ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಅದನ್ನು ಎಳೆದುಕೊಂಡು ಹೋದಾಗ ಮಾತ್ರ ಎರಡು ಹೆಜ್ಜೆ ಅದರ ಹಿಂದೆಯೇ ಹೋಗಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ್ದು ಅದರಲ್ಲೇ. ಆದರೆ ಮರುದಿನ ಬಟ್ಟೆ ಸಂಜೆವರೆಗೂ ಹಗ್ಗದ ಮೇಲೇ ಇತ್ತು. ಆಸ್ಪತ್ರೆಯವರು ಒಂದನ್ನೂ ವಾಪಸ್ ಕಳಿಸಲಿಲ್ಲ.

ಬೈಯುವುದಿದ್ದರೆ ಬೈಯಿರಿ, ಕ್ಷಮೆ ಮಾತ್ರ ಕೇಳುವುದಿಲ್ಲ. ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಏನೇ ಆದರೂ ನಿಮ್ಮವಳೇ,
ಹಠಮಾರಿ

ಹೇಳಲು ಮರೆತೆ: ಹೊಸ ಬ್ಯಾಟರಿ ವ್ಯಾನು ಕೂಡ ನನ್ನ ಹೆಸರಿನಲ್ಲೇ ಇದೆ. ಓಡಿಸಲು ನಿಮ್ಮ ತಮ್ಮನೇ ಕಲಿಸಿದ, ಲೈಸೆನ್ಸೂ ಬಂತು. ನೀವು ರಜೆಗೆ ಬರುವಾಗ ಸ್ಟೇಷನ್ನಿಗೆ ನಾನೇ ಬರುತ್ತೇನೆ, ಪಕ್ಕದ ಸೀಟಿನಲ್ಲಿ ಕೂರಬೇಕು. ಬಿಳಿ ಶರ್ಟ್ ಹಾಕಿಕೊಂಡು ಬನ್ನಿ.