ಯಾವ ಪುಟದಲ್ಲಿದೆ?

ನವೆಂಬರ್ ೧೨, ಮಂಗಳವಾರ

ಇಂಗ್ಲಿಷ್ ಮೇಡಂ ಕೆಂಪು ಶಾಯಿಯಲ್ಲಿ ಗೀಚಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ: "ಇದು ಯಾವ ಪುಟದಲ್ಲಿದೆ?" ವಿಶ್ವಸಾಹಿತ್ಯದ ತರಗತಿಯಲ್ಲಿ ಬರೆದ ಪ್ರತಿ ಮಾತಿಗೂ ಪುಟಸಂಖ್ಯೆ ಕೊಡಬೇಕು. ಕಾದಂಬರಿಯ ತಾಯಿ, ಗಂಡ ಕೂಗಾಡಿದಾಗಲೆಲ್ಲ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ ಎಂದು ಪ್ರಬಂಧದಲ್ಲಿ ಬರೆದಿದ್ದೆ. ಸಂಜೆಯಿಂದ ಪುಸ್ತಕವನ್ನೆಲ್ಲ ಜಾಲಾಡಿದೆ, ಎಲ್ಲೂ ಇಲ್ಲ. ಅದು ನಮ್ಮಮ್ಮ.

ಪಾತ್ರೆ ತೊಳೆಯುತ್ತಿದ್ದ ಅಮ್ಮನೇ ಕೇಳಿದಳು, "ಏನೇ ಅಷ್ಟು ಹುಡುಕ್ತಿದ್ದೀಯ?"

"ಕಥೇಲಿ ಒಬ್ಬಳು ತಾಯಿ ಇದ್ದಾಳೆ. ಗಂಡ ಎಷ್ಟು ಬೈದ್ರೂ ತುಟಿ ಪಿಟಕ್ ಅನ್ನಲ್ಲ."

"ಪಾಪ. ಅವಳ ಪರವಾಗಿ ಒಂದು ಮಾತಾಡೋಕೆ ಮಕ್ಕಳು ಯಾರೂ ಇಲ್ವಾ?"

ಹೊರಕೋಣೆಯಲ್ಲಿ ಅಪ್ಪನ ದನಿ ಏರಿತು. ಅಮ್ಮ ತೊಳೆದಿಟ್ಟ ಲೋಟವನ್ನೇ ಮತ್ತೆ ನಲ್ಲಿಗೆ ಹಿಡಿದಳು. ನಾನು ತಲೆ ತಗ್ಗಿಸಿ ಪುಟ ತಿರುಗಿಸಿದೆ.

ನಾಳೆ ಆ ಸಾಲನ್ನು ಹೊಡೆದುಹಾಕಿಯೇ ಕೊಡುವುದು.